ಗುಡ್ಡದ ಊರಿಗೆ ಬಯಲುಸೀಮೆಯ ಸೈಕಲ್

“ನಿಮ್ಮ ಕಡೆಯವರಿಗೆ ಸೈಕಲ್ ತುಳಿಯೋ ಅಭ್ಯಾಸಾನೇ ಇಲ್ಲಮ್ಮ. ಹಾಲು ತರೋಕೂ ಸ್ಕೂಟರ್ ಬೇಕು.” ವಿಚಾರ ಸಂಕಿರಣವೊಂದರ ಊಟದ ಸಾಲಿನಲ್ಲಿ ದಾವಣಗೆರೆ ಕಡೆಯ ಹಿರಿಯ ಪ್ರಾಧ್ಯಾಪಕರೊಬ್ಬರು ಹೀಗೆಂದರು. ಕೈಯಲ್ಲಿ ತಟ್ಟೆ ಇತ್ತು, ಹಿಂದೆ ಜನ ಇದ್ದರು, ಸುಮ್ಮನೆ ನಕ್ಕೆ. ಆ ನಗುವಿನ ಪ್ರಾಯಶ್ಚಿತ್ತವಾಗಿ ಇದನ್ನು ಬರೆಯುತ್ತಿದ್ದೇನೆ.

ನಮಗೆ ಅಭ್ಯಾಸ ಇಲ್ಲದ್ದಲ್ಲ ಸರ್. ನಮಗೆ ಸಿಕ್ಕಿದ ಸೈಕಲ್ ನಮ್ಮ ಊರಿನದ್ದಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಒಳದಾರಿಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಮನೆ ಇರುವುದು ಕೆಳಗೆ, ತೋಟದ ಬದಿಯಲ್ಲಿ. ಶಾಲೆ, ಪಂಚಾಯತ್ ಕಚೇರಿ, ಬಸ್ ನಿಲ್ಲುವ ಜಾಗ ಎಲ್ಲ ಮೇಲೆ, ಪದವಿನಲ್ಲಿ. ನಡುವೆ ಮುರಕಲ್ಲಿನ ಏರು. ಪಾಡ್ದನ ಹೇಳುವ ಹೆಂಗಸರನ್ನು ಹುಡುಕಿಕೊಂಡು ನಾನು ಸಿದ್ದಕಟ್ಟೆ, ವೇಣೂರು, ಪುಂಜಾಲಕಟ್ಟೆ ಎಂದು ತಿರುಗುತ್ತೇನೆ. ಮುಖ್ಯ ರಸ್ತೆಯವರೆಗೆ ಬಸ್ ಉಂಟು. ಪಾಡ್ದನ ಇರುವುದು ಅಲ್ಲಿಂದ ಮೂರು ನಾಲ್ಕು ಕಿಲೋಮೀಟರ್ ಒಳಗೆ. ರಿಕ್ಷಾಕ್ಕೆ ಕೊಡೋಣವೆಂದರೆ ಶಿಷ್ಯವೇತನ ತಾನು ಬರಬೇಕೆನಿಸಿದ ತಿಂಗಳಲ್ಲಿ ಬರುತ್ತದೆ. ಹಾಗಾಗಿ ಸೋದರಮಾವನ ಹಳೆಯ ಸೈಕಲನ್ನು ಹಟ್ಟಿಯಿಂದ ಹೊರಗೆ ತೆಗೆದೆ. ಮೊದಲ ತಿಂಗಳು ಅದನ್ನು ತುಳಿದದ್ದಕ್ಕಿಂತ ನೂಕಿದ್ದೇ ಹೆಚ್ಚು.

ಒಂದು ದಿನ ಏರಿನ ಅರ್ಧದಲ್ಲಿ ಕೂತು ಹಲ್ಲು ಎಣಿಸಿದೆ. ಪೆಡಲಿನ ದೊಡ್ಡ ಚಕ್ರಕ್ಕೆ 44. ಹಿಂದಿನ ಗಾಲಿಯ ಫ್ರೀವೀಲಿಗೆ 18. ಅಂದರೆ ಪೆಡಲು ಒಂದು ಸುತ್ತು ಬಂದರೆ ಆ 28 ಇಂಚಿನ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗಿ, ಸೈಕಲ್ 5.4 ಮೀಟರ್ ಮುಂದೆ ಹೋಗುತ್ತದೆ. ಸಪಾಟು ರಸ್ತೆಗೆ ಇದು ಹೇಳಿ ಮಾಡಿಸಿದ ಲೆಕ್ಕ, ದಾವಣಗೆರೆಗೆ ಬಹಳ ಚೆಂದ. ನಮ್ಮ ಏರಿನಲ್ಲಿ, ಹತ್ತು ಮೀಟರಿಗೆ ಒಂದು ಮೀಟರ್ ಮೇಲೇರುವ ಕಡೆ, ಎಂಟನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಕೂರಿಸಿ ನೋಡಿ. ಅವಳು, ಸೈಕಲ್, ಚೀಲ ಸೇರಿ 60 ಕೆ.ಜಿ. ಎಂದಿಟ್ಟುಕೊಂಡರೆ ಪೆಡಲಿನ ಮೇಲೆ ಸರಾಸರಿ 31 ಕೆ.ಜಿ. ಒತ್ತಡ ಬೇಕು. ಸರಾಸರಿ, ನೆನಪಿಡಿ. ಪೆಡಲು ತುತ್ತತುದಿಯಲ್ಲೂ ಬುಡದಲ್ಲೂ ಇರುವಾಗ ಒತ್ತಿ ಪ್ರಯೋಜನವಿಲ್ಲ. ಆ ನಷ್ಟವನ್ನು ನಡುವಿನಲ್ಲಿ ತುಂಬಿಸಬೇಕು. ಆಗ ಬೇಕಾಗುವುದು ಹುಡುಗಿಯ ಇಡೀ ಮೈಭಾರಕ್ಕಿಂತ ಹೆಚ್ಚು. ಅವಳು ಎದ್ದು ನಿಂತು ತುಳಿದರೂ ಸೈಕಲ್ ಅಲ್ಲೇ ನಿಲ್ಲುತ್ತದೆ. ಇದನ್ನೇ ನಾವು ಅಭ್ಯಾಸವಿಲ್ಲ, ಛಲವಿಲ್ಲ ಎನ್ನುತ್ತೇವೆ.

ಪರಿಹಾರ ನಾಚಿಕೆಯಾಗುವಷ್ಟು ಸಣ್ಣದು. ಪೇಟೆಯ ಸೈಕಲ್ ಅಂಗಡಿಯ ಅಜ್ಜನಲ್ಲಿ 22 ಹಲ್ಲಿನ ಫ್ರೀವೀಲ್ ಇದೆಯಾ ಎಂದು ಕೇಳಿದೆ. “ಟೀಚರೇ, ಅದು ಹಾಕಿದರೆ ಸ್ಪೀಡ್ ಹೋಗ್ತದೆ ಮತ್ತೆ,” ಎಂದರು. (ಚೀಲ ಹಾಕಿದ ಹೆಂಗಸರೆಲ್ಲ ಅವರಿಗೆ ಟೀಚರು.) ಹೋಗಲಿ ಎಂದೆ. ತುಕ್ಕು ಹಿಡಿದ ಹಳೆಯದನ್ನು ಬಿಚ್ಚಲಿಕ್ಕೆ ಅರ್ಧ ಗಂಟೆ ಗುದ್ದಾಡಿದರು, ಚೈನಿಗೆ ಎರಡು ಕೊಂಡಿ ಸೇರಿಸಿದರು. ಖರ್ಚು ಎರಡು ಮೀನೂಟದಷ್ಟು. ಈಗ ಪೆಡಲಿನ ಒಂದು ಸುತ್ತಿಗೆ 4.4 ಮೀಟರ್. ಆ ಹುಡುಗಿಯ 31 ಕೆ.ಜಿ. 25ಕ್ಕೆ ಇಳಿಯಿತು. ಎಲ್ಲ ಏರೂ ಹತ್ತಿತು ಎಂದು ಸುಳ್ಳು ಹೇಳುವುದಿಲ್ಲ. ಹತ್ತರಲ್ಲಿ ಏಳು ಹತ್ತುತ್ತದೆ; ಮೊದಲು ಎರಡು ಹತ್ತುತ್ತಿತ್ತು.

ಹತ್ತಿದ ಮೇಲೆ ಇಳಿಯಬೇಕಲ್ಲ, ಅಲ್ಲಿ ಎರಡನೇ ಪಾಠ ಕಾದಿತ್ತು. ಹಳೆಯ ಸೈಕಲ್ಲಿನ ಕಂಬಿ ಬ್ರೇಕು ಉಕ್ಕಿನ ರಿಮ್ಮಿನ ಒಳಮೈಗೆ ಒತ್ತುತ್ತದೆ. ಉಕ್ಕಿನ ರಿಮ್ ಒದ್ದೆಯಾದರೆ ಬ್ರೇಕ್ ಹಿಡಿದದ್ದೂ ಒಂದೇ, ಬಿಟ್ಟದ್ದೂ ಒಂದೇ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಹತ್ತಿರ ಮಳೆ ಸುರಿಯುವ ಜಿಲ್ಲೆಯಲ್ಲಿ ಇದನ್ನು ಬ್ರೇಕ್ ಎಂದು ಕರೆಯುವುದೇ ಧೈರ್ಯ. ಮಾವ ಇಳಿಜಾರಿನಲ್ಲಿ ಚಪ್ಪಲಿ ಉಜ್ಜಿ ನಿಲ್ಲಿಸುತ್ತಿದ್ದರಂತೆ. ನಾನು ಮುಂದಿನ ಗಾಲಿಗೆ ಅಲ್ಯೂಮಿನಿಯಂ ರಿಮ್ ಹಾಕಿಸಿ, ಎರಡು ಬದಿಯಿಂದ ಹಿಡಿಯುವ ಕೇಬಲ್ ಬ್ರೇಕ್ ಕೂರಿಸಿದೆ. ಫ್ರೀವೀಲಿಗಿಂತ ಬಹಳ ದುಬಾರಿಯಾಯಿತು. ಆದರೆ ದುಡ್ಡು ಹೋಗಬೇಕಾದ್ದು ಇಂಥ ಕಡೆಗೇ, ಬಣ್ಣದ ಸ್ಟಿಕ್ಕರಿಗಲ್ಲ.

“ಇಷ್ಟೆಲ್ಲ ಯಾಕೆ, ಒಂದು ಗೇರ್ ಸೈಕಲ್ ತಗೊಳ್ಳಬಾರದಾ?” ಎನ್ನುವ ಗೆಳೆಯರಿದ್ದಾರೆ. ತಗೊಳ್ಳಬಹುದು. ಒಳ್ಳೆಯ ಗೇರಿನ ಸೈಕಲ್ ನನ್ನದಕ್ಕಿಂತ ಎಷ್ಟೋ ಮೇಲು, ಒಪ್ಪುತ್ತೇನೆ. ಆದರೆ ಆ ದುಡ್ಡಿಗೆ ಪೇಟೆಯಲ್ಲಿ ತೋರಿಸುವುದು ಬೇರೆ ಜಾತಿ: ಟ್ರ್ಯಾಕ್ಟರಿನಂಥ ಟಯರು, ತುಳಿದ ಶಕ್ತಿಯನ್ನೆಲ್ಲ ನುಂಗುವ ಸ್ಪ್ರಿಂಗು, ಮೇಲೆ ‘21 ಸ್ಪೀಡ್’ ಎಂಬ ಬರಹ. ಇಪ್ಪತ್ತೊಂದರಲ್ಲಿ ಎಷ್ಟೋ ಗೇರುಗಳು ಒಂದರ ಮೇಲೊಂದು ಬೀಳುವ ಅದೇ ಅನುಪಾತಗಳು. ಆಷಾಢದ ಕೆಂಪು ರಾಡಿಯಲ್ಲಿ ಎರಡು ವಾರ ಓಡಿಸಿದರೆ ಚೈನು ತನಗೆ ಇಷ್ಟ ಬಂದ ಹಲ್ಲಿನ ಮೇಲೆ ಕೂರುತ್ತದೆ. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ. ಪುಸ್ತಕ ಎಲ್ಲಿಡುವುದು, ಹುಲ್ಲು ಎಲ್ಲಿ ಕಟ್ಟುವುದು?

ಇನ್ನು, ಗೇರು ಬೇಕೆನ್ನುವುದೇ ಸೋಮಾರಿತನ ಎನ್ನುವ ಹಿರಿಯರು. ಈ ವಾದ ಅವರದ್ದಲ್ಲ, ಹಳೆಯದು. 1902ರಲ್ಲಿ ಫ್ರಾನ್ಸಿನ ಪತ್ರಿಕಾ ಸಂಪಾದಕ ಆಂರಿ ದೆಗ್ರಾಂಜ್, ಗೇರು ಬದಲಿಸುವುದೆಲ್ಲ 45 ದಾಟಿದವರಿಗೆ ಎಂಬರ್ಥದಲ್ಲಿ ಬರೆದಿದ್ದ. ಮರುವರ್ಷ ಟೂರ್ ದ ಫ್ರಾನ್ಸ್ ಶುರುಮಾಡಿದವನು ಅವನೇ. ಆ ಸ್ಪರ್ಧೆಯಲ್ಲಿ ಎಲ್ಲರಿಗೂ ಗೇರಿನ ಅನುಮತಿ ಸಿಕ್ಕಿದ್ದು 1937ರಲ್ಲಿ. ಅದಕ್ಕೂ ಮೊದಲು ಆ ಮಹಾ ಬಲಶಾಲಿಗಳು ಘಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿ ಬಿಚ್ಚಿ ಮಗುಚಿ ಹಾಕಿ, ಇನ್ನೊಂದು ಬದಿಯ ದೊಡ್ಡ ಹಲ್ಲುಚಕ್ರಕ್ಕೆ ಚೈನು ಹಾಕಿಕೊಂಡು ಹತ್ತುತ್ತಿದ್ದರು. ಅಂದರೆ ನಾನು ಅಜ್ಜನ ಅಂಗಡಿಯಲ್ಲಿ ಮಾಡಿಸಿದ್ದನ್ನೇ. ಇಂಗ್ಲೆಂಡಿನಲ್ಲಿ ಮಾವನ ಸೈಕಲ್ಲಿನಂಥದ್ದೇ ನೆಟ್ಟಗಿನ ಸೈಕಲ್ಲಿಗೆ ಸ್ಟರ್ಮಿ-ಆರ್ಚರ್ ಮೂರು ಗೇರಿನ ಹಬ್ ನೂರು ವರ್ಷದ ಹಿಂದೆಯೇ ಬಂದಿತ್ತು. ಆ ಸೈಕಲ್ಲಿನ ಆಕಾರ ನಮ್ಮಲ್ಲಿಗೆ ಬಂತು, ಗೇರು ಬರಲಿಲ್ಲ.

ನನ್ನೊಬ್ಬಳ ತಿರುಗಾಟದ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಕರ್ನಾಟಕ ಸರ್ಕಾರ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಿತು. ಒಳ್ಳೆಯ ಕೆಲಸ, ಅದರಲ್ಲೂ ಹುಡುಗಿಯರಿಗೆ. ಆದರೆ ರಾಯಚೂರಿನ ಬಯಲಿಗೂ ಚಾರ್ಮಾಡಿಯ ಬುಡಕ್ಕೂ ಒಂದೇ ವೇಗದ ಸೈಕಲ್. ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ ಎಂದು ಚೌಕಟ್ಟು ಬದಲಿಸಲು ಸಾಧ್ಯವಾದವರಿಗೆ ಗುಡ್ಡದ ಜಿಲ್ಲೆಗೆ ನಾಲ್ಕು ಹಲ್ಲು ಹೆಚ್ಚಿಸಲು ಸಾಧ್ಯವಾಗಲಿಲ್ಲ. ಕೋವಿಡ್ ಬಂದ ಮೇಲೆ ಯೋಜನೆ ನಿಂತಿತು. ಮತ್ತೆ ಕೊಡಬೇಕೆಂಬ ಮಾತು ಆಗಾಗ ಏಳುತ್ತದೆ. ಕೊಡುವುದಾದರೆ ದಕ್ಷಿಣ ಕನ್ನಡಕ್ಕೆ, ಕೊಡಗಿಗೆ, ಮಲೆನಾಡಿಗೆ ಟೆಂಡರಿನಲ್ಲಿ ಎರಡು ಸಾಲು ಹೆಚ್ಚು ಬರೆಯಿರಿ: ಹಿಂದೆ 22 ಹಲ್ಲು, ಮಳೆಯಲ್ಲಿ ಹಿಡಿಯುವ ಬ್ರೇಕು. ಇಲ್ಲದಿದ್ದರೆ ಆ ಸೈಕಲ್ಲುಗಳೂ ಹಟ್ಟಿ ಸೇರುತ್ತವೆ, ಊಟದ ಸಾಲಿನಲ್ಲಿ ಮತ್ತೊಬ್ಬರು ನಮ್ಮ ಅಭ್ಯಾಸದ ಬಗ್ಗೆ ಮಾತಾಡುತ್ತಾರೆ.

ಸ್ಕೂಟರ್ ಇದೆಯಲ್ಲ ಎನ್ನುವವರು ಅದರ ಕೀಲಿ ಯಾರ ಕಿಸೆಯಲ್ಲಿದೆ ಎಂದು ಒಮ್ಮೆ ನೋಡಲಿ. ಬಸ್ ಫ್ರೀ ಅಲ್ಲವಾ ಎಂದರೆ, ಶಕ್ತಿ ಯೋಜನೆ ಇರುವುದು ಸರ್ಕಾರಿ ಬಸ್ಸಿಗೆ. ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಬೀಡಿ ಕಟ್ಟುವ ಹೆಂಗಸರು ಬೀಡಿ ತುಂಬಿದ ಚೀಲ ಹಿಡಿದು ಬ್ರಾಂಚಿಗೆ ಈಗಲೂ ನಡೆದೇ ಹೋಗುತ್ತಾರೆ, ಎಲೆ ಹೊಗೆಸೊಪ್ಪು ಹೊತ್ತು ನಡೆದೇ ಬರುತ್ತಾರೆ.

ನೆರೆಮನೆಯ ಅಕ್ಕ ಒಬ್ಬರು ನಾನು ಕೂತೇ ಏರು ಹತ್ತುವುದನ್ನು ಕೆಲವು ದಿನ ಅಂಗಳದಿಂದ ನೋಡಿದರು. ಆಮೇಲೆ ಮಗಳ ಹಳೆಯ ಶಾಲೆ ಸೈಕಲನ್ನು ತೊಳೆದು ನಿಲ್ಲಿಸಿ, “ಇದಕ್ಕೂ ಆ ದೊಡ್ಡದು ಹಾಕಿಸಿ ಕೊಡ್ತೀಯಾ? ಬ್ರಾಂಚಿಗೆ ಹೋಗ್ಲಿಕ್ಕೆ,” ಎಂದರು. ಅಜ್ಜನ ಅಂಗಡಿಯಲ್ಲಿ 22 ಹಲ್ಲಿನದ್ದು ಇದ್ದದ್ದು ಒಂದೇ, ಅದು ನನ್ನ ಗಾಲಿಯಲ್ಲಿದೆ. ಮಂಗಳೂರಿನಿಂದ ತರಿಸುತ್ತೇನೆ ಎಂದಿದ್ದಾರೆ. ಮೂರು ವಾರವಾಯಿತು.