ಪ್ರತಿನಾಯಕನಿಗೆ ಬೇರೆ ಪಂಕ್ತಿಯೇಕೆ?

ಹಿಂದೀ ಚಲಚ್ಚಿತ್ರಗಳಲ್ಲಿ ಖಳಪಾತ್ರಗಳನ್ನು ಅಭಿನಯಿಸುವವರಿಗೆ ಪ್ರತ್ಯೇಕ ಪ್ರಶಸ್ತಿಯನ್ನು ಕೊಡುವ ಪದ್ಧತಿಯನ್ನು ಫಿಲ್ಮ್‌ಫೇರಿನವರು 1992ರಲ್ಲಿ ಆರಂಭಿಸಿ, 2007ರ ತರುವಾಯ ಕೈಬಿಟ್ಟರು. ಬಿಟ್ಟುದೇ ಸರಿ. ಐಫಾದವರು ಮಾತ್ರ ಬಿಟ್ಟಿಲ್ಲ. 'ಅನಿಮಲ್' ಚಿತ್ರಕ್ಕಾಗಿ ಬಾಬಿ ಡಿಯೋಲರಿಗೆ 2024ರಲ್ಲಿ ಅಂತಹದೇ ಪ್ರಶಸ್ತಿಯನ್ನಿತ್ತರು.

ಬೇರೆ ಪ್ರಶಸ್ತಿಯಿಲ್ಲದಿದ್ದರೆ ಖಳನಟರನ್ನು ಕೇಳುವವರಾರು ಎಂದು ಕೆಲವರು ವಾದಿಸುವರು. ಈ ವಾದವು ನಿರಾಧಾರವಾದುದಲ್ಲ. ವರ್ಷಾನುವರ್ಷ ಖಳನಾಗಿ ಪ್ರೇಕ್ಷಕರನ್ನು ನಡುಗಿಸಿದ ಪ್ರಾಣ್ ಅವರಿಗೆ ಫಿಲ್ಮ್‌ಫೇರ್ ಮನ್ನಣೆ ದೊರೆತುದು 'ಉಪಕಾರ್' (1967) ಚಿತ್ರದಲ್ಲಿ ಸಜ್ಜನನಾದ ಮೇಲೆ! ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರಿತವಾದ 'ಶೋಲೆ'ಯ (1975) ಗಬ್ಬರ್‌ಸಿಂಗನಾದ ಅಮ್ಜದ್ ಖಾನರು ಪೋಷಕನಟರ ಸಾಲಿನಲ್ಲಿ ನಾಮನಿರ್ದೇಶನದಿಂದಲೇ ತೃಪ್ತರಾಗಬೇಕಾಯಿತು. ಇದು ಅನ್ಯಾಯವಹುದು. ಆದರೆ ಅನ್ಯಾಯಕ್ಕೆ ಪಂಕ್ತಿಭೇದವು ಪರಿಹಾರವೆ? ನಡುಮನೆಯಲ್ಲಿ ಎಲೆಹಾಕದೆ ಜಗಲಿಯಲ್ಲಿ ಕುಳ್ಳಿರಿಸಿ ಹೋಳಿಗೆ ಬಡಿಸಿದರೆ ಅದು ಮರ್ಯಾದೆಯೆನಿಸದು.

ಆ ಪ್ರಶಸ್ತಿಯ ಹೆಸರನ್ನಾದರೂ ನೋಡಬಾರದೆ? 'ನಕಾರಾತ್ಮಕ ಪಾತ್ರ'ವಂತೆ! ನಮ್ಮ ಆಲಂಕಾರಿಕರ ಮಾತು 'ಪ್ರತಿನಾಯಕ'. ಇಲ್ಲಿ 'ಪ್ರತಿ' ಎಂಬುದು ಎದುರು ನಿಂತವನನ್ನು ಸೂಚಿಸುವುದೇ ಹೊರತು ಅಭಾವವನ್ನಲ್ಲ. ದಶರೂಪಕದ ಧನಂಜಯನು ಪ್ರತಿನಾಯಕನನ್ನು ಲುಬ್ಧನೆಂದನು, ಪಾಪಿಯೆಂದನು. ಆದರೂ 'ಧೀರೋದ್ಧತ'ನೆಂದು ಕರೆದು ಧೀರಪದವನ್ನು ಅವನಿಗೆ ಉಳಿಸಿಕೊಟ್ಟನು. ರನ್ನನ ಗದಾಯುದ್ಧದಲ್ಲಿ ನಾಯಕನು ಭೀಮನಾದರೂ ಸಹೃದಯನ ಕಣ್ಣು ತೇವವಾಗುವುದು ದುರ್ಯೋಧನನಿಗಾಗಿ. ಅಂತಹವನನ್ನು ನಾಯಕನ ತಕ್ಕಡಿಯಲ್ಲಿಯೇ ತೂಗಬೇಕು. ಖಳರನ್ನು ಖಳರೊಡನೆಯೇ ಹೋಲಿಸಿದಲ್ಲಿ ಯಾರ ಗರ್ಜನೆ ದೊಡ್ಡದೆಂಬ ಲೆಕ್ಕವೊಂದೇ ಉಳಿಯುವುದು.

ಆ ಲೆಕ್ಕದ ಫಲವು ಕೋಲಾರದ ಚಿನ್ನದ ಗಣಿಯ ಹೆಸರು ಹೊತ್ತ ಕನ್ನಡ ಚಿತ್ರಗಳಿಗೂ ತಟ್ಟಿದೆ. 2022ರ 'ಕೆ.ಜಿ.ಎಫ್.' ಎರಡನೆಯ ಭಾಗಕ್ಕೆ ಹಿಂದಿಯಿಂದ ಸಂಜಯ್ ದತ್ತರನ್ನು ಕರೆತಂದು ಖಳನನ್ನಾಗಿಸಿದರು. ಕೈಯಲ್ಲಿ ಭಾರಿ ಖಡ್ಗ, ಹೆಸರು 'ಅಧೀರ'! (ಹೆಸರಿಟ್ಟವರಿಗೆ ಅಮರಕೋಶವು ಕೈಗೆಟುಕಲಿಲ್ಲವೇನೋ.) ಕಥೆಯ ಕಾಲವು 1970ರ ದಶಕದ ಕೊನೆ, ಅಲ್ಲಿ ಗಣಿಯೆಂದರೆ ಜೀತದಾಳುಗಳ ನರಕ. ಕೋಲಾರದ ಗಣಿಗಳಾದರೋ 1956ರಲ್ಲಿಯೇ ಸರ್ಕಾರದ ವಶವಾಗಿದ್ದವು. ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕಿಳಿದವರ ಎದುರಾಳಿಗೆ ಖಡ್ಗವಿರಲಿಲ್ಲ. ಒತ್ತಡದಿಂದ ಸಿಡಿಯುವ ಬಂಡೆ, ಶ್ವಾಸಕೋಶವನ್ನು ತಿನ್ನುವ ಕಲ್ಲಿನ ಧೂಳು, ಕಡೆಗೆ 2001ರ ಫೆಬ್ರವರಿ 28ರಂದು ಗಣಿಗೆ ಬಿದ್ದ ಬೀಗ—ಇವೇ ಆ ಊರಿನ ಪ್ರತಿನಾಯಕರು. ಅವರ ಮಕ್ಕಳು ಇಂದಿಗೂ ಬೆಳಗಾಗುವ ಮುನ್ನವೇ ಬಂಗಾರಪೇಟೆಯ ಮಾರ್ಗವಾಗಿ ರೈಲಿನಲ್ಲಿ ಬೆಂಗಳೂರಿಗೆ ದುಡಿಯಹೋಗುತ್ತಿದ್ದಾರೆ. ಆ ಡಬ್ಬಿಯಲ್ಲಿ ಒಂದು ದಿನ ಕುಳಿತುಬಂದಿದ್ದರೆ ಚಿತ್ರಕಥೆಗಾರರಿಗೆ ಖಡ್ಗದ ಖರ್ಚು ಉಳಿಯುತ್ತಿತ್ತು.