ೞಕಾರಕ್ಕೆ ಅಂಟಿದ ಹೆಸರು

ನಾಗರಬಾವಿಯ ನಮ್ಮ ಬೀದಿಯ ತುದಿಯಲ್ಲಿರುವ ಫಲಕದಲ್ಲಿ ‘ನಾಗರಭಾವಿ’ ಎಂದು ಬರೆದಿದೆ. ಬಾವಿಗೆ ಮಹಾಪ್ರಾಣ ಕೊಟ್ಟ ಪುಣ್ಯಾತ್ಮರು ಯಾರೋ! ಒಂದು ಡಬ್ಬಿ ಬಣ್ಣವಿದ್ದರೆ ಆ ತಪ್ಪು ಅರ್ಧ ಗಳಿಗೆಯಲ್ಲಿ ಹೋದೀತು. ನಾನು ಹೇಳಹೊರಟಿರುವ ತಪ್ಪು ಅಂಥದಲ್ಲ; ಅದನ್ನು ಅಳಿಸುವ ಅಧಿಕಾರ ಬರೆದವರಿಗೂ ಇಲ್ಲ.

ನೆರೆಮನೆಯ ಹುಡುಗ, ಸಾಫ್ಟ್‌ವೇರ್ ಕೆಲಸದವನು, ಹಳಗನ್ನಡ ಓದಿಗೆ ನೆರವಾಗುವ ಪ್ರೋಗ್ರಾಮೊಂದನ್ನು ಬರೆದು ಅದರ ವಿವರಣೆಯ ಪುಟಗಳನ್ನು ಮೊನ್ನೆ ನನಗೆ ತೋರಿಸಿದ. ಅಕ್ಷರಗಳ ಪಟ್ಟಿಯಲ್ಲಿ ‘ೞ’ದ ಎದುರಿಗೆ ‘ಕನ್ನಡ ಲೆಟರ್ ಎಫ್‌ಎ’ ಎಂದಿತ್ತು. ಎಂದರೆ ಫ್ಯಾನು, ಫೀಸುಗಳಲ್ಲಿ ಬರುವ ಇಂಗ್ಲಿಷಿನ ಫಕಾರ!

“ಇದು ಯಾವ ವ್ಯಾಕರಣವಪ್ಪ?” ಎಂದೆ.

“ನಾನು ಬರೆದದ್ದಲ್ಲ ಮೇಷ್ಟ್ರೇ, ಯೂನಿಕೋಡಿನಲ್ಲೇ ಹಾಗಿದೆ” ಎಂದ.

ಹುಡುಗ ಹೇಳಿದ್ದು ನಿಜ. ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನೂ ಒಂದು ಹೆಸರನ್ನೂ ಗೊತ್ತುಮಾಡಿರುವ ಆ ಪಟ್ಟಿಯಲ್ಲಿ ನಮ್ಮ ೞಕಾರಕ್ಕೆ ಸಂದಿರುವುದು ಈ ಹೆಸರೇ. ಹಲ್ಮಿಡಿ ಶಾಸನದ ‘ಬಾಳ್ಗೞ್ಚು’ವಿನಲ್ಲಿರುವ ಅಕ್ಷರವಿದು. ‘ಪೞೆಯ’ ಹಳೆಯದಾದದ್ದೂ, ‘ಗೞ್ದೆ’ ‘ಗರ್ದೆ’ಯಾಗಿ ಕೊನೆಗೆ ಗದ್ದೆಯಾದದ್ದೂ ಇದು ನಮ್ಮ ಬಾಯಿಂದ ಜಾರಿಹೋದ ಕಥೆ. ಹದಿಮೂರನೆಯ ಶತಮಾನದ ಕೇಶಿರಾಜ, ಓದುವವರು ತಪ್ಪಬಾರದೆಂದು ಈ ಅಕ್ಷರವುಳ್ಳ ಶಬ್ದಗಳನ್ನು ಪಟ್ಟಿಮಾಡಿಯೇ ಕೊಟ್ಟ. ತಮಿಳು ಮಲೆಯಾಳಗಳಲ್ಲಿ ಇದು ಇಂದಿಗೂ ಬದುಕಿದೆ. ಅವರ ಅಕ್ಷರಕ್ಕೆ ಅದೇ ಯೂನಿಕೋಡಿನಲ್ಲಿ ಮೂರು ‘ಎಲ್’ಗಳ ಸರಿಯಾದ ಹೆಸರಿದೆ. ಪರಕೀಯನಾದವನು ನಮ್ಮವನೊಬ್ಬನೇ.

ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಯೂನಿಕೋಡಿನವರ ನಿಯಮ. ಹೆಸರನ್ನೇ ನಂಬಿ ಕೆಲಸ ಮಾಡುವ ಪ್ರೋಗ್ರಾಮುಗಳು ಕೆಟ್ಟಾವೆಂಬ ಭಯ. ಅದನ್ನು ನಾನು ಹಳಿಯಲಾರೆ. ಅಷ್ಟೇ ಅಲ್ಲ, ಹೆಸರು ತಪ್ಪೆಂದು ಅವರೇ ಒಪ್ಪಿ, ಅಕ್ಷರದ ಕೆಳಗೆ ಟಿಪ್ಪಣಿ ಬರೆದು, ಮೂರು ‘ಎಲ್’ಗಳ ಹೆಸರನ್ನು ತಿದ್ದುಪಡಿಯಾಗಿ ಬೇರೊಂದು ಕಡತದಲ್ಲಿ ದಾಖಲಿಸಿದ್ದಾರೆ. ನನ್ನ ಜಗಳ ಆ ಟಿಪ್ಪಣಿಯನ್ನು ಓದದವರೊಡನೆ. ಪೈತಾನಿನಲ್ಲಿ ಈ ಅಕ್ಷರದ ಹೆಸರು ಕೇಳಿದರೆ ಬರುವುದು ಹಳೆಯ ತಪ್ಪೇ. ವಿವರಣೆ ಬರೆಯುವವರು ಅದನ್ನೇ ನಕಲು ಮಾಡುತ್ತಾರೆ.

ಸತ್ತ ಅಕ್ಷರಕ್ಕೆ ಹೆಸರು ಯಾವುದಾದರೇನು ಎನ್ನುವ ಜಾಣರಿದ್ದಾರೆ. ಸ್ವಾಮಿ, ಆ ಹೆಸರನ್ನು ನಂಬಿ ಲಿಪ್ಯಂತರ ಮಾಡುವ ಯಂತ್ರ ನಾಳೆ ‘ಏೞು’ವನ್ನು ‘ಏಫು’ ಎಂದು ಓದಿದರೆ ಯಾರನ್ನು ಕೇಳೋಣ? ಪಂಪನನ್ನು ಮೊದಲು ಕಾಣುವುದೇ ಪರದೆಯ ಮೇಲೆ ಎನ್ನುವ ವಿದ್ಯಾರ್ಥಿಗಳು ನನ್ನ ತರಗತಿಯಲ್ಲೇ ಇದ್ದಾರೆ.

ತಪ್ಪು ಹೆಸರು ಬಂದಲ್ಲೆಲ್ಲ ತಿದ್ದುಪಡಿಯ ಹೆಸರನ್ನು ಮೊದಲು ಅಚ್ಚುಮಾಡಿರಿ ಎಂದು ಪ್ರೋಗ್ರಾಮು ಬರೆಯುವವರನ್ನು ಕೇಳುತ್ತೇನೆ. ನಾವು ಕನ್ನಡ ಮೇಷ್ಟರುಗಳೂ ‘ಅದು ಕಂಪ್ಯೂಟರಿನವರ ಕೆಲಸ’ ಎಂದು ಕೈತೊಳೆದುಕೊಳ್ಳದೆ, ಅವರು ಬರೆದ ಪುಟಗಳನ್ನು ಒಮ್ಮೆ ಓದಿ ನೋಡಬೇಕು. ನೆರೆಮನೆಯ ಹುಡುಗನಿಗೆ ಅದನ್ನು ತಿದ್ದಲು ಎರಡು ನಿಮಿಷವೂ ಹಿಡಿಯಲಿಲ್ಲ.