ಗೋಡೆ ಉಳೀತು, ಅಂಗಡಿಯವನು?

ನಮ್ಮಲ್ಲಿ ಹಳೇ ವ್ಯಾಪಾರದ ಕಟ್ಟಡಗಳ ಮಾತು ಬಂದ್ರೆ ಎರಡೇ ಗುಂಪು. "ಒಂದು ಇಟ್ಟಿಗೇನೂ ಮುಟ್ಟಬೇಡಿ" ಅನ್ನೋರು, "ಕೆಡವಿ ಕಾಂಪ್ಲೆಕ್ಸ್ ಕಟ್ಟಿ" ಅನ್ನೋರು. ಸಿಂಗಪುರಕ್ಕೆ ಬಂದ ಮೇಲೆ ಮೂರನೇ ದಾರೀನೂ ಇದೆ ಅಂತ ಗೊತ್ತಾಯ್ತು: ಏನನ್ನ ಬದಲಾಯಿಸಬಹುದು, ಏನನ್ನ ಬದಲಾಯಿಸಬಾರದು ಅಂತ ಮೊದಲೇ ಬರೆದಿಡೋದು.

ಇಲ್ಲಿನ ಶಾಪ್‌ಹೌಸ್‌ಗಳನ್ನ ನೋಡಿದ್ರೆ ನಮ್ಮ ಹಳೇ ಪೇಟೆಬೀದಿಗಳು ನೆನಪಾಗ್ತವೆ. ಕೆಳಗೆ ಅಂಗಡಿ, ಮೇಲೆ ಮನೆ, ಪಕ್ಕದವರ ಜೊತೆ ಒಂದೇ ಗೋಡೆ, ಗಾಳಿ-ಬೆಳಕಿಗೆ ನಡುವೆ ತೆರೆದ ಜಾಗ. ಮುಂದುಗಡೆ 'ಐದಡಿ ದಾರಿ' ಅನ್ನೋ ನೆರಳಿನ ಜಗಲಿ. ಅಂಗಡಿ ಯಾರದ್ದೇ ಇರಲಿ, ಅಲ್ಲಿ ಯಾರು ಬೇಕಾದ್ರೂ ನಡೀಬಹುದು. ಇದು 1822ರಲ್ಲಿ ರಾಫೆಲ್ಸ್ ಮಾಡಿಸಿದ ನಗರಯೋಜನೆಯಿಂದ ಬಂದ ಪದ್ಧತಿ.

1989ರಲ್ಲಿ ಇಲ್ಲಿನ ನಗರ ಪುನರಭಿವೃದ್ಧಿ ಪ್ರಾಧಿಕಾರ ಚೈನಾಟೌನ್, ಲಿಟಲ್ ಇಂಡಿಯಾ, ಕಂಪೊಂಗ್ ಗ್ಲಾಮ್ ಮುಂತಾದ ಪ್ರದೇಶಗಳನ್ನ ಸಂರಕ್ಷಿತ ಅಂತ ಘೋಷಿಸಿತು. ಇವತ್ತು ಊರಲ್ಲಿ ಇಂಥ ಕಟ್ಟಡಗಳು 7,000ಕ್ಕೂ ಹೆಚ್ಚು. ಸೂತ್ರ ಸರಳ: ಆದಷ್ಟೂ ಇರೋದನ್ನೇ ಉಳಿಸು, ಹದವಾಗಿ ಮೊದಲಿನಂತೆ ಮಾಡು, ಜೋಪಾನವಾಗಿ ರಿಪೇರಿ ಮಾಡು. ಚೈನಾಟೌನ್‌ನಂಥ ಹಳೇ ಭಾಗಗಳಲ್ಲಿ ಮುಖಗೋಡೆ, ಹಂಚಿನ ಮಾಡು, ಮರದ ತೊಲೆ, ಕಿಟಕಿ ಎಲ್ಲವೂ ಉಳೀಬೇಕು. ನಂತರ ಬೆಳೆದ ಕೆಲವು ಬಡಾವಣೆಗಳಲ್ಲಿ ಮುಂದಿನ ಮನೆ ಹಾಗೇ ಇಟ್ಟು ಹಿಂದುಗಡೆ ಎತ್ತರಕ್ಕೆ ಹೊಸದಾಗಿ ಕಟ್ಟಬಹುದು. ಮನೆ ಇದ್ದದ್ದನ್ನ ಒಪ್ಪಿಗೆ ಪಡೆದು ಆಫೀಸು ಮಾಡಿಕೊಳ್ಳಬಹುದು. ಅಂದ್ರೆ ಕಟ್ಟಡ ದುಡೀತಾನೇ ಇರತ್ತೆ. ದುಡಿಯೋ ಕಟ್ಟಡಕ್ಕೆ ತಾನೇ ಯಾರಾದ್ರೂ ರಿಪೇರಿ ಮಾಡಿಸೋದು?

ಈಗ ಮೈಸೂರು ನೋಡಿ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆಮೇಲೆ ಶುರುವಾಯ್ತು ಕೆಡವಬೇಕೋ ಉಳಿಸಬೇಕೋ ಅನ್ನೋ ಜಗಳ, ಕೋರ್ಟಿನ ತನಕ. 'ಪಾರಂಪರಿಕ' ಅಂತ ಹೆಸರು ಕೊಟ್ಟರೆ ಸೋರೋ ಮಾಡು ನಿಲ್ಲತ್ತಾ? ಮುಟ್ಟದೇ ಬಿಡೋದೂ ನಿಧಾನವಾಗಿ ಕೆಡವಿದ ಹಾಗೇ. ಅದಕ್ಕೆ ಬೆಲೆ ತೆರೋದು ಅಲ್ಲಿ ಹೂವು, ಹಣ್ಣು ಮಾರೋ ಬಾಡಿಗೆದಾರರು.

ಹಾಗಂತ ಸಿಂಗಪುರದ್ದು ಚಿನ್ನದ ಮಾದರಿ ಅಂತೇನೂ ನಾನು ಹೇಳಲ್ಲ. ಬಾಡಿಗೆ ನಿಯಂತ್ರಣ ಕಾಯ್ದೆ 2001ರಲ್ಲಿ ಪೂರ್ತಿ ರದ್ದಾಯ್ತು. ಅಷ್ಟರಲ್ಲಿ ಎಷ್ಟೋ ಕಡೆ ಹಳೇ ಕಸುಬಿನವರು ಬಿಟ್ಟುಹೋಗಿ ಬಾರು, ಕಾಫಿ ಅಂಗಡಿ, ಆಫೀಸು ಬಂದಿದ್ದವು. ನಿಯಮಕ್ಕೆ ಕಿಟಕಿಯ ಕೆತ್ತನೆ ಕಾಣತ್ತೆ, ಕಿಟಕಿ ಹಿಂದೆ ಕೂತವನು ಕಾಣಲ್ಲ.

ಅದಕ್ಕೇ ನಮ್ಮೂರಿಗೆ ನನ್ನ ಬೇಡಿಕೆ ಎರಡು. ಪ್ರತಿ ಹಳೇ ಮಾರುಕಟ್ಟೆಗೂ ಏನು ಬದಲಾಯಿಸಬಹುದು ಅನ್ನೋ ಪಟ್ಟಿ ಇರಲಿ, ಅದರಲ್ಲೇ ರಿಪೇರಿ ಯಾರ ಜವಾಬ್ದಾರಿ, ಎಷ್ಟು ವರ್ಷಕ್ಕೊಮ್ಮೆ ಅಂತಲೂ ಬರೀಲಿ. ಕೆಲಸ ಮುಗಿದ ಮೇಲೆ ಹಳೇ ಬಾಡಿಗೆದಾರ ಕೈಗೆಟುಕೋ ಬಾಡಿಗೆಗೆ ಅದೇ ಮಳಿಗೆಗೆ ವಾಪಸ್ ಬರೋ ಹಕ್ಕೂ ಸೇರಲಿ. ವೀಳ್ಯದೆಲೆ ಮಾರೋನು ಇಲ್ಲದ ದೇವರಾಜ ಮಾರುಕಟ್ಟೆ ಫೋಟೋ ತೆಗೆಯೋಕಷ್ಟೇ ಚೆನ್ನ, ಅಲ್ವಾ?